ಬೋರಿನ ಕಾಯ್ದೆ ಕನ್ನಡದಲ್ಲೂ ತಿಳಿಯಲಿ

ಬೇಸಿಗೆ ಬಂತೆಂದರೆ ಯೆಣೆಗೂರ, ಉಮರ್ಗಾ ಭಾಗದ ಹೊಲಗಳಲ್ಲಿ ಒಂದೇ ಮಾತು: "ನಿಮ್ಮದು ಎಷ್ಟ್ ಫೂಟಿಗೆ ನೀರ್ ಬಿತ್ರಿ?" ಬಾವಿ ಬತ್ತಿದರೆ ಬೋರು, ಆ ಬೋರು ಬತ್ತಿದರೆ ಇನ್ನೂ ಆಳದ್ದು. ಒಬ್ಬರು ಆಳಕ್ಕೆ ಇಳಿದರೆ ಪಕ್ಕದ ಹೊಲದವರ ಬಾವಿ ಒಣಗುತ್ತದೆ. ಕೊನೆಗೆ ಇಬ್ಬರಿಗೂ ಉಳಿಯುವುದು ಸಾಲ.

ಇದಕ್ಕೆ ಕಾಯ್ದೆ ಇಲ್ಲವೆಂದಲ್ಲ. ಊರಿನ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವುದನ್ನು ಮಹಾರಾಷ್ಟ್ರ 1993ರಲ್ಲೇ ತಡೆದಿತ್ತು. ನಂತರ ಬಂದದ್ದು 2009ರ ಅಂತರ್ಜಲ ಕಾಯ್ದೆ, ಜಾರಿಯಾದದ್ದು 2014ರಲ್ಲಿ. 60 ಮೀಟರ್, ಅಂದರೆ ಸುಮಾರು 200 ಫೂಟು ಮೀರಿದ್ದೆಲ್ಲ ಅದರ ಲೆಕ್ಕದಲ್ಲಿ ಆಳದ ಬಾವಿ. ಅಧಿಸೂಚಿತ ಪ್ರದೇಶದಲ್ಲಿ ಒಕ್ಕಲುತನಕ್ಕಾಗಲಿ ಕಾರ್ಖಾನೆಗಾಗಲಿ ಇಂಥ ಹೊಸ ಬಾವಿ ತೋಡುವಂತಿಲ್ಲ. ಕರ್ನಾಟಕದ 2011ರ ಕಾಯ್ದೆಯೇ ಬೇರೆ. ಆಳಂದ, ಬಸವಕಲ್ಯಾಣದ ಬೀಗರು ಹೇಳಿದ ನಿಯಮ ಇಲ್ಲಿ ನಡೆಯದು. ನೆಲದಡಿಯ ಕರಿಕಲ್ಲಿಗೆ ಮಾತ್ರ ಈ ಗಡಿ ಗೊತ್ತಿಲ್ಲ.

ಹವಾಮಾನವೂ ಮೊದಲಿನಂತಿಲ್ಲ. 2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ನೀರು ತರಬೇಕಾಯಿತು. ಮೊದಲ ರೈಲಿನಲ್ಲಿ ಬಂದದ್ದು 5 ಲಕ್ಷ ಲೀಟರ್. 2025ರ ಸೆಪ್ಟೆಂಬರ್‌ನಲ್ಲಿ ಧಾರಾಶಿವ, ಲಾತೂರ ಜಿಲ್ಲೆಗಳ ಹೊಲಗಳು ಅತಿಮಳೆಗೆ ನೀರುಪಾಲಾದವು. ಅದೇ ಸೀಮೆ, ಒಮ್ಮೆ ಬರ, ಒಮ್ಮೆ ನೆರೆ.

ಸೋಲಾಪುರದ ನಾನ್ನಜ ಕಡೆ ಹೆಸರಾದ ಮಾಳಢೋಕ ಹಕ್ಕಿಯ ಪ್ರಕರಣದಲ್ಲಿ 2024ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ದೊಡ್ಡ ಮಾತು ಹೇಳಿತು. ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಡಿ ನಾಗರಿಕರ ಹಕ್ಕು ಎಂದಿತು. ಆದರೆ ಹಕ್ಕೊಂದು ಇದೆ ಎಂದು ತಿಳಿಯದವರು ಅದನ್ನು ಕೇಳುವುದಾದರೂ ಹೇಗೆ?

ಪರಿಸರ ಕಾನೂನಿನಲ್ಲಿ ಭಾಷೆಯ ಪ್ರಶ್ನೆ ಹೊಸದಲ್ಲ. 2020ರಲ್ಲಿ ಕೇಂದ್ರ ಸರ್ಕಾರ ಪರಿಸರ ಪರಿಣಾಮ ಅಂದಾಜಿನ ಕರಡನ್ನು ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ ಹೊರಡಿಸಿತ್ತು. ಎಂಟನೇ ಅನುಸೂಚಿಯ 22 ಭಾಷೆಗಳಿಗೆ ಅನುವಾದಿಸಿರೆಂದು ದಿಲ್ಲಿ ಹೈಕೋರ್ಟ್ ಅದೇ ಜೂನ್ 30ರಂದು ಆದೇಶಿಸಿತು. ಕನ್ನಡದಲ್ಲಿ ಸರಿಯಾದ ಪ್ರಚಾರವಾಗದ ಬಗ್ಗೆ ಬಂದ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆಯನ್ನು ಕೆಲಕಾಲ ತಡೆಯಿತು. ದಿಲ್ಲಿಯ ಕರಡಿಗೆ ಸಲ್ಲುವ ನ್ಯಾಯ ಯೆಣೆಗೂರಿನ ಬೋರಿಗೂ ಸಲ್ಲಬೇಕು.

ಮಹಾರಾಷ್ಟ್ರದ ಆಡಳಿತ ಭಾಷೆ ಮರಾಠಿ. ಅದರ ಬಗ್ಗೆ ಇಲ್ಲಿನ ಕನ್ನಡಿಗರ ತಕರಾರಿಲ್ಲ. ಬಜಾರದಲ್ಲಿ, ಬಸ್ಸಿನಲ್ಲಿ ಮರಾಠಿ ಮಾತಾಡಿಯೇ ಬದುಕಿದ ಜನ ಇವರು. ಮಾತು ಬಂದಷ್ಟಕ್ಕೆ ಕಾಯ್ದೆಯ ಬರಹ ತಿಳಿಯುವುದಿಲ್ಲ, ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ಹಿರಿಯರಿಗಂತೂ ಕಷ್ಟ. ಕನ್ನಡಿಗರು ಹೆಚ್ಚಿರುವ ಊರುಗಳ ಪಂಚಾಯತಿ ಕಟ್ಟೆಯ ಮೇಲೆ ಮರಾಠಿಯ ಜೊತೆ ಕನ್ನಡದಲ್ಲೂ ನಾಲ್ಕು ಸಾಲು ಬರೆಸಿದರೆ ಖಜಾನೆ ಬರಿದಾಗದು: ಊರು ಅಧಿಸೂಚಿತವೋ ಅಲ್ಲವೋ, ಎಷ್ಟು ಆಳ ಸಲ್ಲುತ್ತದೆ, ಅನುಮತಿ ಯಾರದು, ದೂರು ಎಲ್ಲಿ.

ಕುಟುಂಬಗಳ ಪಾಲಿನ ಕೆಲಸವೂ ಇದೆ. ಬೋರಿನ ಗಾಡಿ ಕರೆಸುವ ಮೊದಲು ತಹಶೀಲ ಕಚೇರಿಯಲ್ಲೋ ಜಿಲ್ಲೆಯ ಭೂಜಲ ಕಚೇರಿಯಲ್ಲೋ ಒಂದು ಮಾತು ವಿಚಾರಿಸಬೇಕು. ಗ್ರಾಮಸಭೆಗೆ ಹೋಗಿ ಕನ್ನಡ ಫಲಕ ಕೇಳಬೇಕು. ಸಂವಿಧಾನದ 350ನೇ ವಿಧಿಯಂತೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಅಹವಾಲು ಕೊಡಬಹುದು. ಕನ್ನಡದಲ್ಲಿ ಬರೆದ ಅರ್ಜಿಯೂ ಅರ್ಜಿಯೇ. ಮುಂದಿನ ಗ್ರಾಮಸಭೆಯಲ್ಲಿ ಅಂಥದೊಂದು ಅರ್ಜಿ ಮೇಜಿನ ಮೇಲೆ ಬೀಳಲಿ.