ಕರುವಿನ ಬಣ್ಣ, ಕುದುರೆಯ ಲೆಕ್ಕ

ಹಸು ಈದ ಮನೆಯಲ್ಲಿ ಮೊದಲು ಕೇಳುವ ಪ್ರಶ್ನೆ ಹೆಣ್ಣೋ ಗಂಡೋ ಎಂಬುದು. ಎರಡನೆಯದು ಬಣ್ಣ ಯಾವುದು ಎಂಬುದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಕೊಟ್ಟಿಗೆಗಳಲ್ಲಿ ಇಂದಿಗೂ ಇದೇ ಕ್ರಮ. ಈ ಎರಡನೆಯ ಪ್ರಶ್ನೆಯ ದೆಸೆಯಿಂದ ನಮ್ಮ ಮನೆಯಲ್ಲಿ ಒಮ್ಮೆ ಅನ್ಯಾಯವೊಂದು ನಡೆದುಹೋಯಿತು. ಅದನ್ನೇ ಈ ಸಂಚಿಕೆಯಲ್ಲಿ ವಾಚಕ ಬಂಧುಗಳ ಮುಂದಿಡುತ್ತಿದ್ದೇವೆ.

ನಮ್ಮಲ್ಲಿ ಕಪ್ಪು-ಬಿಳುಪಿನ ಎಚ್.ಎಫ್. ಮಿಶ್ರತಳಿಯ ಹಸುವೊಂದಿತ್ತು. ಕೃತಕ ಗರ್ಭಧಾರಣೆ ಮಾಡಿದವರು, ಹೋರಿಯೂ ಅದೇ ತಳಿಯದು, ಕಪ್ಪು-ಬಿಳುಪಿನದೇ ಎಂದು ತಿಳಿಸಿದ್ದರು. ಹುಟ್ಟಿದ ಹೆಣ್ಣುಕರು ಮಾತ್ರ ಕೆಂಪು-ಬಿಳುಪು! ಬೇರಾವುದೋ ತಳಿಯ ವೀರ್ಯದ ಕಡ್ಡಿ ಬಳಸಿ ನಮ್ಮನ್ನು ವಂಚಿಸಿದರೆಂದು ಅವರನ್ನು ಅಂಗಳದಲ್ಲೇ ನಿಲ್ಲಿಸಿ, ನಾಲ್ಕು ಜನರೆದುರು ಆಡಬಾರದ ಮಾತಾಡಿದೆವು. ಅವರು ಎದುರಾಡದೆ ಚೀಲ ತೆಗೆದುಕೊಂಡು ಹೊರಟುಹೋದರು. ಅವರ ಮೌನವನ್ನು ನಾವು ತಪ್ಪೊಪ್ಪಿಗೆಯೆಂದೇ ಭಾವಿಸಿದೆವು. ತಳಿ ಕೆಟ್ಟ ಕರು ಎಂದು ಬಗೆದು ಮೂರು ತಿಂಗಳಿಗೇ ಬೆಟ್ಟದಪುರದ ಕಡೆಯ ಸಂಸಾರವೊಂದಕ್ಕೆ ಕೇಳಿದ ಬೆಲೆಗೆ ಅದನ್ನು ಕೊಟ್ಟುಬಿಟ್ಟೆವು.

ಕೆಲವು ವರ್ಷಗಳ ತರುವಾಯ ನಮ್ಮ ಬಂಧುಗಳೊಬ್ಬರು ಮನೆಗೆ ಬಂದಿದ್ದರು. ಅವರು ಪಶುವೈದ್ಯರು, ಕುದುರೆಗಳ ನಡುವೆ ಬಹುಕಾಲ ಕಳೆದವರು. ಈ ಕಥೆಯನ್ನು ಕೇಳಿ, "ಕುದುರೆ ಸಾಕುವವರಲ್ಲಿ ಒಂದು ಮಾತು ಕೇಳಿದ್ದರೆ ನೀವು ಆ ಮನುಷ್ಯನನ್ನು ಬೈಯುತ್ತಿರಲಿಲ್ಲ" ಎಂದರು. ಅಂದು ಅವರು ಹೇಳಿದ ಲೆಕ್ಕವನ್ನು ಇಲ್ಲಿ ಕೊಡುತ್ತೇವೆ.

ಕುದುರೆಯ ಸಂತಾನಾಭಿವೃದ್ಧಿ ನಮ್ಮ ನಾಡಿಗೆ ಹೊಸತಲ್ಲ. ತುಮಕೂರು ಜಿಲ್ಲೆಯ ಕುಣಿಗಲ್ಲಿನಲ್ಲಿ ಟಿಪ್ಪುವಿನ ಕಾಲದಿಂದಲೂ ಅಶ್ವದಳಕ್ಕೆಂದು ಕುದುರೆ ಬೆಳೆಸುತ್ತಿದ್ದರು. ಮುಂದೆ ಅದು ಪಂದ್ಯದ ಕುದುರೆಗಳ ತವರಾಯಿತು, 1992ರಲ್ಲಿ ಖಾಸಗಿಯವರಿಗೆ ಗುತ್ತಿಗೆಗೆ ಹೋಯಿತು. ಪಂದ್ಯದ ಥರೋಬ್ರೆಡ್ ತಳಿಯಲ್ಲಿ ಪ್ರತಿ ಮರಿಯ ತಂದೆ, ತಾಯಿ, ಬಣ್ಣ ಎಲ್ಲವನ್ನೂ ವಂಶಾವಳಿಯ ಪುಸ್ತಕದಲ್ಲಿ ದಾಖಲಿಸುವ ಪದ್ಧತಿಯುಂಟು. ಶತಮಾನಗಳ ಈ ದಾಖಲೆಗಳಿಂದ ಬಣ್ಣದ ನಿಯಮ ಹೊರಬಿದ್ದಿತು.

ಕುದುರೆಯ ರೋಮಕ್ಕೆ ಬಣ್ಣ ಕೊಡುವ ಕಣಗಳು ಎರಡೇ ಬಗೆಯವು: ಕಪ್ಪು ಮತ್ತು ಕೆಂಪು. ಕಪ್ಪನ್ನು ತಯಾರಿಸಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವ ವಂಶವಾಹಿಯೊಂದುಂಟು. ಎಂಸಿ1ಆರ್ ಎಂಬುದು ಅದರ ಹೆಸರು. ಕುದುರೆಯ ಕೆಂಪು ಬಣ್ಣಕ್ಕೆ ಅದರಲ್ಲಿನ ಒಂದು ಸಣ್ಣ ವ್ಯತ್ಯಾಸವೇ ಕಾರಣವೆಂದು 1996ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಪ್ರತಿ ಮರಿಗೂ ಈ ವಂಶವಾಹಿಯ ಎರಡು ಪಾಲು; ತಂದೆಯಿಂದ ಒಂದು, ತಾಯಿಯಿಂದ ಒಂದು. ಕಪ್ಪಿನ ಪಾಲು ಒಂದಿದ್ದರೂ ಸಾಕು, ಅದರದೇ ಮೇಲುಗೈ. ಕೆಂಪಿನ ಪಾಲು ಒಳಗೇ ಅಡಗಿ ಕುಳಿತಿರುತ್ತದೆ. ಎರಡೂ ಕೆಂಪಾದಾಗ ಮಾತ್ರ ಮೈ, ಜೂಲು, ಬಾಲ ಎಲ್ಲವೂ ಕೆಂಪಾದ ಚೆಸ್ಟ್‌ನಟ್ ಕುದುರೆ ಹುಟ್ಟುತ್ತದೆ. ಕಪ್ಪು ಮೈಯೆಲ್ಲ ಹರಡಬೇಕೇ ಅಥವಾ ಜೂಲು, ಬಾಲ, ಕಾಲುಗಳಿಗಷ್ಟೇ ಸೀಮಿತವಾಗಬೇಕೇ ಎಂಬುದು ಇನ್ನೊಂದು ವಂಶವಾಹಿಯ ಅಧಿಕಾರ. ಮೈ ಕಂದಾಗಿ ತುದಿಗಳು ಕಪ್ಪಾದ, ಪಂದ್ಯದವರು ಬೇ ಎಂದು ಕರೆಯುವ ಕುದುರೆ ಹೀಗೆ ಆಗುವಂಥದು.

ಈ ಲೆಕ್ಕದಂತೆ, ಕೆಂಪನ್ನು ಒಳಗೆ ಹೊತ್ತ ಎರಡು ಬೇ ಕುದುರೆಗಳು ಕೂಡಿದರೆ, ನಾಲ್ಕರಲ್ಲಿ ಒಂದು ಮರಿ ಚೆಸ್ಟ್‌ನಟ್ ಆಗುವ ಸಂಭವವುಂಟು. ಅದರಲ್ಲಿ ಮೋಸವೇನೂ ಇಲ್ಲ. ಆದರೆ ಎರಡು ಚೆಸ್ಟ್‌ನಟ್ ಕುದುರೆಗಳಿಗೆ ಬೇ ಮರಿ ಹುಟ್ಟಿತೆಂದರೆ ಪುಸ್ತಕ ಹಿಡಿದವರು ಹುಬ್ಬೇರಿಸುತ್ತಾರೆ. ತಂದೆ-ತಾಯಿ ಇಬ್ಬರಲ್ಲೂ ಇಲ್ಲದ ಕಪ್ಪು ಮರಿಗೆ ಬರುವುದೆಲ್ಲಿಂದ? ಅಂದರೆ ಸಂಶಯಕ್ಕೂ ಒಂದು ದಿಕ್ಕು ಉಂಟು. ನಾವು ಸಂಶಯಪಟ್ಟದ್ದು ತಿರುಗುಮುರುಗಾಗಿ.

ದನಗಳಲ್ಲಿಯೂ ಕೆಲಸ ಮಾಡುವುದು ಇದೇ ವಂಶವಾಹಿ. ಎಚ್.ಎಫ್. ತಳಿಯಲ್ಲಿ ಕಪ್ಪು ಪ್ರಬಲ, ಕೆಂಪು ಸುಪ್ತ. ಕೆಂಪನ್ನು ಒಳಗಿಟ್ಟುಕೊಂಡ ಹೋರಿಗಳನ್ನು ವಿದೇಶಗಳ ಪಟ್ಟಿಗಳಲ್ಲಿ ಆರ್.ಸಿ. ಎಂಬ ಗುರುತಿನೊಡನೆ ಮೊದಲೇ ನಮೂದಿಸುತ್ತಾರೆ. ನಮ್ಮ ಹಸುವೂ ಆ ಹೋರಿಯೂ ಅಂಥವೇ ಆಗಿದ್ದರೆ ಕೆಂಪು ಕರು ಹುಟ್ಟುವುದು ಸಹಜವೇ ಆಗಿತ್ತು. ಹಾಲಿನ ಪ್ರಮಾಣಕ್ಕೂ ಈ ಕೆಂಪಿಗೂ ನಂಟು ಕಟ್ಟಿ ಕರುವನ್ನು ಸಾಗಹಾಕಲು ಕಾರಣವೇ ಇರಲಿಲ್ಲ.

ಬಿಳಿಯ ಕುದುರೆಯ ವಿಷಯವಂತೂ ಇನ್ನೂ ಸ್ವಾರಸ್ಯದ್ದು. ಥರೋಬ್ರೆಡ್, ಅರಬ್ಬೀ ತಳಿಗಳಲ್ಲಿ ನಾವು ಬಿಳಿಯೆಂದು ಕೊಂಡಾಡುವ ಕುದುರೆಗಳಲ್ಲಿ ಬಹುಪಾಲು ಹುಟ್ಟುವಾಗ ಬಿಳಿಯಲ್ಲ. ಕಂದು, ಕಪ್ಪು, ಕೆಂಪಾಗಿ ಹುಟ್ಟಿ ವರ್ಷ ಕಳೆದಂತೆ ನರೆಯುತ್ತವೆ. ಈ ನರೆಯ ವಂಶವಾಹಿ ಒಂದು ಪಾಲು ಬಂದರೂ ಕೆಲಸ ಮಾಡುತ್ತದೆ, ಅಡಗಿ ಕೂರುವುದನ್ನರಿಯದು. ಆದುದರಿಂದ ನರೆಯುವ ಮರಿಯ ತಂದೆ-ತಾಯಿಗಳಲ್ಲಿ ಒಬ್ಬರಾದರೂ ನರೆತವರೇ ಆಗಿರಬೇಕು. ಇದರ ಮೂಲವನ್ನು 2008ರಲ್ಲಿ ಕಂಡುಹಿಡಿದಾಗ ಇನ್ನೊಂದು ಸಂಗತಿಗೂ ಕಾರಣ ದೊರೆಯಿತು. ಹದಿನೈದು ವರ್ಷ ದಾಟಿದ ಇಂಥ ಕುದುರೆಗಳಲ್ಲಿ ನೂರಕ್ಕೆ 70ರಿಂದ 80ರಷ್ಟಕ್ಕೆ ಚರ್ಮದಲ್ಲಿ ಕಪ್ಪು ಗಂಟುಗಳು ಏಳುತ್ತವೆ. ಅದು ಮೆಲನೋಮ ಎಂಬ ರೋಗ. ಕಣ್ಣಿಗೆ ಹಬ್ಬವಾದ ಬಿಳುಪನ್ನೂ ಈ ಗಂಟುಗಳನ್ನೂ ತರುವುದು ಒಂದೇ ವಂಶವಾಹಿ.

ನಮ್ಮ ಹಳ್ಳಿಕಾರ್ ದನದ ಬೂದು ಬಣ್ಣಕ್ಕೂ ಕುದುರೆಯ ನರೆಗೂ ಸಂಬಂಧವಿಲ್ಲ. ಹೋರಿಯ ಕುತ್ತಿಗೆ, ಹಿಣಿಲುಗಳು ಕಪ್ಪಡರುವುದು ಪ್ರಾಯದ ರಸದೂತಗಳಿಂದ. ಬೀಜ ಒಡೆಸಿದ ಎತ್ತು ಕ್ರಮೇಣ ತಿಳಿಯಾಗುತ್ತದೆ. ಸಂಕ್ರಾಂತಿಯ ವೇಳೆಗೆ ಸೇರುವ ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಬಣ್ಣ ಕೂಡಿದ ಜೊತೆಗೆಂದು ಹೆಚ್ಚು ಹಣ ತೆರುವವರು ಇದನ್ನು ನೆನೆಯಬೇಕು. ಇಂದು ಕೂಡಿದ ಬಣ್ಣ ಎರಡು ವರ್ಷಕ್ಕೆ ಬೇರೆಯಾದೀತು. ಹುಣಸೂರು ಹಿಂದೆ ಅಮೃತ ಮಹಲ್ ಇಲಾಖೆಯ ಕೇಂದ್ರವಾಗಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಆಗಿ, 1799ರ ಬಳಿಕ ಬ್ರಿಟಿಷರ ಕೈಸೇರಿತು. ಆ ದನಗಳ ಬಣ್ಣ ಬಿಳುಪಿನಿಂದ ಹೆಚ್ಚುಕಡಿಮೆ ಕಪ್ಪಿನವರೆಗೂ ಇತ್ತು. ಆದರೆ ಅವುಗಳಿಗೆ ಹೆಸರು ತಂದುದು ತೋಪಿನ ಗಾಡಿಗಳನ್ನೆಳೆದು ಸೈನ್ಯದೊಡನೆ ಸಾಗಿದ ಓಟ. ಹೈದರನ ದಂಡು ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದುದು ಈ ಎತ್ತುಗಳ ಬಲದಿಂದ ಎಂದು ಹಳೆಯ ಗ್ಯಾಸೆಟಿಯರುಗಳು ಬರೆಯುತ್ತವೆ.

ಬಂಧುಗಳು ಹೊರಟ ಮರುದಿನವೇ ನಾವು ಆ ಗರ್ಭಧಾರಣೆಯವರ ಮನೆಯನ್ನು ಹುಡುಕಿಕೊಂಡು ಹೋದೆವು. ಅವರು ಕೆಲಸದಿಂದ ನಿವೃತ್ತರಾಗಿದ್ದರು. ನಾವು ಹೇಳಬೇಕಾದುದನ್ನು ಹೇಳಿದೆವು. ಅವರು ಕಾಫಿ ತರಿಸಿ, "ಬೆಟ್ಟದಪುರದ ಕಡೆ ನಾನು ಆ ಹಸುವನ್ನು ಆಮೇಲೂ ನೋಡಿದೆ ಸ್ವಾಮಿ. ಚೆನ್ನಾಗಿಯೇ ಕರೆಯುತ್ತಿತ್ತು. ಕಪ್ಪು ಹೋರಿಯದೇ ಕೊಟ್ಟಿದ್ದೆ, ಎರಡು ಕರುಗಳೂ ಕಪ್ಪು-ಬಿಳುಪೇ ಹುಟ್ಟಿದವು" ಎಂದರು.