ಮರಳಿ ಬಂದವರ ಕಣಿವೆ

ಮನೆಯನ್ನು ಬಿಟ್ಟು ಹೊರಡುವುದೇ ಪ್ರವಾಸವೆಂದು ನಾವು ಬಗೆದಿದ್ದೆವು. ಅಮೆರಿಕಾದೇಶದ ಅರಿಜೋನಾ ಪ್ರಾಂತದಲ್ಲಾದರೋ ಮನೆಯನ್ನು ಜೊತೆಗೇ ಕೊಂಡು ತಿರುಗಿದೆವು. ಒಲೆ, ಹಾಸಿಗೆ, ನೀರಿನ ತೊಟ್ಟಿ ಎಲ್ಲವೂ ಅಡಕವಾಗಿರುವ ಈ ಮೋಟಾರು ಬಂಡಿಯನ್ನು ಅಲ್ಲಿನವರು ಆರ್.ವಿ. ಎನ್ನುತ್ತಾರೆ. ಮರುಭೂಮಿಯಲ್ಲಿ ತೊಟ್ಟಿ ಬರಿದಾದರೆ ಮುಂದಿನ ಊರಿನವರೆಗೆ ನೀರಿಲ್ಲ. ಪಾತ್ರೆ ತೊಳೆಯುವುದಕ್ಕೂ ಲೋಟದ ಲೆಕ್ಕದಲ್ಲಿ ನೀರು ಬಳಸುವುದನ್ನು ಎರಡೇ ದಿನಗಳಲ್ಲಿ ಕಲಿತೆವು.

ಕೊಲರಾಡೋ ನದಿಯ ಆಳವಾದ ಕಮರಿಯನ್ನು ದಾಟುವ ನವಾಹೋ ಸೇತುವೆಯ ಮೇಲೆ ನಿಂತಾಗ, ಕೆಳಗಣ ಉಕ್ಕಿನ ತೊಲೆಯ ಮೇಲೆ ಕಾಂಡರ್ ಎಂಬ ಭಾರಿ ರಣಹದ್ದು ಕುಳಿತಿದ್ದುದು ಕಂಡುಬಂದಿತು. ಬಿಚ್ಚಿದ ರೆಕ್ಕೆಗಳ ಅಗಲ ಒಂಬತ್ತು ಅಡಿ. ರೆಕ್ಕೆಯ ಮೇಲೆ ಗುರುತಿನ ಅಂಕೆ. 1987ರಲ್ಲಿ ಈ ಕ್ಯಾಲಿಫೋರ್ನಿಯಾ ಕಾಂಡರುಗಳು ಲೋಕದಲ್ಲೆಲ್ಲ ಉಳಿದಿದ್ದುದು 27 ಮಾತ್ರ. ಅವುಗಳನ್ನು ಹಿಡಿದು ಸಾಕಿ, ಸಂತತಿಯನ್ನು ಬೆಳೆಯಿಸಿ, 1996ರಿಂದ ಇಲ್ಲಿಗೆ ಸಮೀಪದ ವರ್ಮಿಲಿಯನ್ ಬಂಡೆಸಾಲಿನಲ್ಲಿ ಹಾರಬಿಟ್ಟರು. ಕಳೆದುಹೋದುದು ಮರಳಿ ಬರುವುದನ್ನು ಕಣ್ಣಾರೆ ಕಂಡಂತಾಯಿತು.

ಅಲ್ಲಿಂದ ಆಗ್ನೇಯಕ್ಕೆ ಸಾಗಿ, ನವಾಹೋ ಜನರ ನೆಲವಾದ ಕ್ಯಾನಿಯನ್ ಡ ಶೇ ಕಣಿವೆಯನ್ನು ಸೇರಿದೆವು. ಬಂಡಿಯನ್ನು ಹೊರಗೆ ನಿಲ್ಲಿಸಿ, ದಾರಿ ತೋರುವ ನವಾಹೋ ಹೆಂಗಸೊಬ್ಬರ ಜೀಪಿನಲ್ಲಿ ಮರಳಿನ ಹೊಳೆಯ ಪಾತ್ರವನ್ನು ಹಿಡಿದು ಹೋದೆವು. ಕೆಂಪು ಬಂಡೆಯ ಪೊಟರೆಯಲ್ಲಿ, ಪ್ರಾಚೀನ ಪ್ಯೂಬ್ಲೋ ಜನರು ಶತಮಾನಗಳ ಹಿಂದೆ ಕಟ್ಟಿದ ‘ಬಿಳಿಯ ಮನೆ’ ನಿಂತಿದೆ. ಅದೇ ಕಣಿವೆಯಲ್ಲಿ ಇನ್ನೂ ಮುಂದೆ ಸುಮಾರು 750 ಅಡಿ ಎತ್ತರದ ‘ಜೇಡಬಂಡೆ’. ಅದರ ನೆತ್ತಿಯ ಮೇಲಿರುವ ಜೇಡಮಾತೆಯೇ ತಮಗೆ ನೇಯ್ಗೆಯನ್ನು ಕಲಿಸಿದಳೆಂದು ನವಾಹೋ ಜನರ ನಂಬಿಕೆ.

ಆದರೆ ನಮ್ಮ ಮನಸ್ಸನ್ನು ಸೆಳೆದುದು ಕೆಲವೇ ಪೀಚ್ ಹಣ್ಣಿನ ಮರಗಳು. 1864ರಲ್ಲಿ ಅಮೆರಿಕಾದ ಸೈನ್ಯವು ಇಲ್ಲಿನ ಪೈರನ್ನು ನಾಶಮಾಡಿ, ಸಾವಿರಾರು ಪೀಚ್ ಮರಗಳನ್ನು ಕಡಿದುಹಾಕಿತು. ಜನರನ್ನು ಮುನ್ನೂರು ಮೈಲಿಗೂ ದೂರದ ಬಾಸ್ಕ್ ರೆಡಾಂಡೋ ಎಂಬಲ್ಲಿಗೆ ನಡೆಯಿಸಿಕೊಂಡು ಹೋಯಿತು. ದಾರಿಯಲ್ಲಿಯೂ ಸೆರೆಯಲ್ಲಿಯೂ ಮಡಿದವರು ಬಹುಮಂದಿ. 1868ರ ಒಪ್ಪಂದದ ಮೇಲೆ ಉಳಿದವರು ಹಿಂದಿರುಗಿ ಮತ್ತೆ ಸಸಿ ನೆಟ್ಟರು.

ಒಂದು ಗುಡಿಸಿಲಿನ ಚಿತ್ರ ತೆಗೆಯಲು ನಾವು ಕ್ಯಾಮರಾ ಎತ್ತಿದೆವು. “ಮೊದಲು ಕೇಳಬೇಕಮ್ಮ, ಅದು ನಮ್ಮ ದೊಡ್ಡಮ್ಮನ ಹಿತ್ತಲು,” ಎಂದರು ಆಕೆ ನಗುತ್ತ. ನಮಗೆ ನಾಚಿಕೆಯಾಯಿತು. ನಮ್ಮ ಹಿತ್ತಿಲೊಳಕ್ಕೆ ಪರಸ್ಥಳದವರು ಹೇಳದೆ ಕೇಳದೆ ನುಗ್ಗಿದರೆ ಸುಮ್ಮನಿರುತ್ತಿದ್ದೆವೆ?

ಚಕ್ರದ ಮೇಲಣ ಮನೆಯನ್ನು ಎತ್ತ ಬೇಕಾದರೂ ಒಯ್ಯಬಹುದು. ಹಣ್ಣಿನ ತೋಪನ್ನು ಒಯ್ಯಲಾಗದು. ವಾಚಕರಲ್ಲಿ ಯಾರಾದರೂ ಅತ್ತ ಹೋದರೆ, ಬರಿಯ ಬಂಡೆಗಳನ್ನು ನೋಡಿ ಬರಬೇಡಿ. ಅಲ್ಲಿ ಮರಳಿ ಬಂದು ಬಾಳುತ್ತಿರುವವರನ್ನು ಮಾತನಾಡಿಸಿ ಬನ್ನಿ.