ಮೂಡಲ ಬಾಗಿಲಲ್ಲಿ ಒಂದು ರಾತ್ರಿ

ರಜೆ ಬಂದರೆ ಮನೆಯಲ್ಲಿರಬೇಕೆಂಬುದು ನನ್ನ ಮತ. ಮನೆ ಬಿಟ್ಟು ಹೊರಡಬೇಕೆಂಬುದು ನನ್ನ ಮಡದಿಯ ಮತ. ಈ ಎರಡು ಮತಗಳಿಗೂ ಸಮನ್ವಯವನ್ನು ಕಲ್ಪಿಸಿದವರು ನನ್ನ ಭಾವನವರು. “ಮನೆಯನ್ನೇ ಜೊತೆಯಲ್ಲಿ ಕೊಂಡುಹೋದರಾಯಿತು” ಎಂದರು. ಹಾಗೆಂದವರು ಸುಮ್ಮನಿರದೆ ಮಲಗಲು ಮಂಚ, ಬೇಯಿಸಲು ಒಲೆ, ಕೈತೊಳೆಯಲು ತೊಟ್ಟಿ ಎಲ್ಲವೂ ಉಳ್ಳ ಒಂದು ಡೀಸೆಲ್ ವ್ಯಾನನ್ನು ಬೆಂಗಳೂರಿನಲ್ಲಿ ಮೂರು ದಿನದ ಬಾಡಿಗೆಗೆ ಹಿಡಿದೂ ಬಿಟ್ಟರು. ಅದಕ್ಕೆ ಕ್ಯಾರವಾನ್ ಎಂದು ಹೆಸರಂತೆ. ಹಿಂದೆ ವರ್ತಕರು ಎತ್ತುಗಳ ಮೇಲೆ ಸರಕು ಹೇರಿಕೊಂಡು ಗುಂಪುಗೂಡಿ ಹೊರಡುತ್ತಿದ್ದುದನ್ನು ನಮ್ಮವರು ಸಾರ್ಥವೆಂದು ಕರೆದರು. ಹಾದಿಯಲ್ಲಿ ಎತ್ತಿಗೆ ಹುಲ್ಲು ಹಾಕುವಾಗ ಯಾವ ಸಾರ್ಥವಾಹನೂ ನಾನು ಮಾಡಿದಂಥ ತಪ್ಪನ್ನು ಮಾಡಿರಲಾರ.

ಆಗ ಮಾವಿನ ಕಾಲ. ಮೊದಲ ದಿನ ಮಾಲೂರು. ಹೆಂಚಿನ ಕಾರ್ಖಾನೆಗಳ ಚಿಮಣಿಗಳನ್ನು ನೋಡುತ್ತ ಮಾಸ್ತಿ ಗ್ರಾಮದವರೆಗೆ ಹೋದೆವು. ಸಣ್ಣ ಕತೆಗಳಿಂದ ಆರಂಭಿಸಿ 1983ರ ಜ್ಞಾನಪೀಠ ಪ್ರಶಸ್ತಿಯವರೆಗೆ ನಾನು ನಡೆಸಿದ ಉಪನ್ಯಾಸವನ್ನು ನನ್ನ ಮಡದಿ ಸಹನೆಯಿಂದ ಕೇಳಿದಳು, ಭಾವನವರು ನಿದ್ರಿಸಿದರು. ಕೋಲಾರದಲ್ಲಿ ಕೋಲಾರಮ್ಮನ ದರ್ಶನ, ಅಂತರಗಂಗೆಯ ಮೆಟ್ಟಿಲು. ನದಿಯೆಂಬುದು ಮೈದುಂಬಿ ಹರಿಯದ ಈ ಸೀಮೆಯಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಸುರಿಯುವುದನ್ನು ನೋಡಿದರೆ ಕೈಮುಗಿಯಲೇಬೇಕೆನಿಸುತ್ತದೆ. 2018ರಿಂದೀಚೆಗೆ ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನೇ ಶುದ್ಧಿಮಾಡಿ ಕೊಳವೆಯಲ್ಲಿ ತಂದು ಇಲ್ಲಿಯ ಕೆರೆಗಳಿಗೆ ತುಂಬುತ್ತಿದ್ದಾರೆ.

ಎರಡನೆಯ ದಿನ ಶ್ರೀನಿವಾಸಪುರ. ಈ ಊರಿನ ಮೊದಲಿನ ಹೆಸರು ಪಾಪನಪಲ್ಲಿ. ಈಗಿನ ಹೆಸರನ್ನಿಟ್ಟವರು ದಿವಾನ್ ಪೂರ್ಣಯ್ಯನವರು. ಹೆಸರು ಏನೇ ಇರಲಿ, ಆ ತಿಂಗಳುಗಳಲ್ಲಿ ಊರಿಗೆ ಊರೇ ಮಾವಿನ ಹಣ್ಣಿನ ವಾಸನೆ. ಮಂಡಿಯ ಮುಂದೆ ಟ್ರಾಕ್ಟರುಗಳ ಸಾಲು. ನಾವೂ ಒಂದು ಬುಟ್ಟಿ ಬಾದಾಮಿ ಹಣ್ಣನ್ನು ಮಂಚದ ಕೆಳಗೆ ತಳ್ಳಿ, ಸಂಜೆಗೆ ಮುಳಬಾಗಿಲನ್ನು ದಾಟಿ ಹೆದ್ದಾರಿಗೆ ಬಂದೆವು.

ಮುಳಬಾಗಿಲೆಂದರೆ ಮೂಡಲ ಬಾಗಿಲು. ಈ ಬಾಗಿಲಿನಾಚೆ ಆಂಧ್ರ. ತೈಲಕ್ಕೆ ಜಿಎಸ್‌ಟಿ ಇನ್ನೂ ತಗುಲಿಲ್ಲವಾದ್ದರಿಂದ ರಾಜ್ಯ ರಾಜ್ಯಕ್ಕೂ ತೆರಿಗೆ ಬೇರೆ, ಬೆಲೆ ಬೇರೆ. ನಮ್ಮ ಸರಕಾರವೂ 2024ರ ಜೂನಿನಲ್ಲಿ ಒಮ್ಮೆ, 2025ರ ಏಪ್ರಿಲಿನಲ್ಲಿ ಇನ್ನೊಮ್ಮೆ ಡೀಸೆಲ್ ಮೇಲಿನ ತೆರಿಗೆಯನ್ನು ಏರಿಸಿತು. ಆದರೂ ಗಡಿಯಾಚೆಗೆ ಹೋಲಿಸಿದರೆ ಇಲ್ಲಿಯೇ ಅಗ್ಗ. ಆದ್ದರಿಂದ ಪೂರ್ವಕ್ಕೆ ಹೊರಟ ಲಾರಿಗಳು ಇಲ್ಲಿಯೇ ಹೊಟ್ಟೆ ತುಂಬಿಸಿಕೊಳ್ಳುತ್ತವೆ. ನಾವು ನಿಂತ ಬಂಕಿನಲ್ಲಿಯೂ ಇದೇ ಜಾತ್ರೆ. ಭಾವನವರು ಕೈಕಾಲು ತೊಳೆದು ಬರುತ್ತೇನೆಂದು ಇಳಿದುಹೋದರು. ಕಿಟಕಿಯ ಬಳಿ ನಾನು. 1887ರಲ್ಲಿ ಡಿ. ವಿ. ಗುಂಡಪ್ಪನವರು ಹುಟ್ಟಿದ ಊರು ಇದು. ಇಲ್ಲಿ ಏನು ಮಾತನಾಡಲಿ ಎಂದು ಮನಸ್ಸಿನಲ್ಲಿಯೇ ಉಪನ್ಯಾಸದ ಪೀಠಿಕೆಯನ್ನು ಕಟ್ಟುತ್ತಿದ್ದೆ.

“ಏನ್ ಹಾಕ್ಲಿ ಸಾರ್?” ಎಂದ ಬಂಕಿನ ಹುಡುಗ.

ಪ್ರತಿ ಸೋಮವಾರ ಕಾಲೇಜಿಗೆ ಹೋಗುವ ದಾರಿಯಲ್ಲಿ ನನ್ನ ಸ್ಕೂಟರನ್ನು ನಿಲ್ಲಿಸಿ, ಇನ್ನೂರಕ್ಕೆ ಪೆಟ್ರೋಲ್ ಹಾಕಪ್ಪ ಎನ್ನುವುದು ನನಗೆ ಎಷ್ಟೋ ವರ್ಷದ ಅಭ್ಯಾಸ. ನಾಲಿಗೆ ತನ್ನ ಪಾಠವನ್ನು ತಾನೇ ಒಪ್ಪಿಸಿತು. “ಎರಡು ಸಾವಿರಕ್ಕೆ ಪೆಟ್ರೋಲ್ ಹಾಕಪ್ಪ” ಎಂದೆ.

ಭಾವನವರು ಬಂದು ಕುಳಿತು ಬೀಗದ ಕೈಗೆ ಕೈಯಿಟ್ಟವರು, ಯಾವ ಪುಣ್ಯವೋ, ರಸೀತಿಯನ್ನು ಮೊದಲು ನೋಡಿದರು. ಅವರ ಮುಖ ಬಿಳಿಚಿತು. ಹತ್ತೊಂಬತ್ತು ಲೀಟರು ಪೆಟ್ರೋಲು!

ಮಾಲೀಕರು ಧಾವಿಸಿ ಬಂದರು. ಬಂದವರೇ ಹುಡುಗನಿಗೆ ತೆಲುಗಿನಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ ಬೈಗುಳದ ಅಭಿಷೇಕ ಮಾಡಿ, ಆಗುವ ಖರ್ಚನ್ನೆಲ್ಲ ಅವನ ಸಂಬಳದಲ್ಲಿ ಮುರಿದುಕೊಳ್ಳುವುದಾಗಿ ಸಾರಿದರು. ಹುಡುಗ ನನ್ನ ಕಡೆ ಕೈತೋರಿಸಿ, “ಆ ಸಾರೇ ಪೆಟ್ರೋಲ್ ಅಂದ್ರಣ್ಣ” ಎಂದ.

ಎಲ್ಲರೂ ನನ್ನನ್ನು ನೋಡಿದರು. ಓದುಗರೆ, ನಿಮ್ಮಲ್ಲಿ ಮುಚ್ಚಿಡುವುದೇಕೆ? “ಹಾಗೆ ಹೇಳಿದ ನೆನಪಿಲ್ಲ” ಎಂದುಬಿಟ್ಟೆ. ನೆನಪಿತ್ತು. ಸ್ಪಷ್ಟವಾಗಿಯೇ ಇತ್ತು. ಭಾವನವರ ಎದುರಿಗೆ ಪೆದ್ದನಾಗಬಾರದೆಂಬ ಒಂದೇ ಕಾರಣ ಆ ಮಾತನ್ನು ಆಡಿಸಿತು. ಭಾವನವರು ನನ್ನ ಮಾನವನ್ನು ಉಳಿಸುವವರಂತೆ, “ಇವರು ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು” ಎಂದು ಪರಿಚಯ ಹೇಳಿದರು. ಅಷ್ಟೇ ಸಾಕಾಯಿತು. “ಮೇಷ್ಟ್ರು ಸುಳ್ಳು ಹೇಳ್ತಾರೇನೋ?” ಎಂದು ಮಾಲೀಕರು ಹುಡುಗನನ್ನು ಗದರಿದರು. ಹುಡುಗ ತಲೆ ತಗ್ಗಿಸಿದ. ಮೇಷ್ಟರೆಂದ ಮೇಲೆ ಅವನಿಗೂ ತನ್ನ ಕಿವಿಯ ಮೇಲೆ ಸಂಶಯ ಬಂದಿರಬೇಕು.

ವ್ಯಾನನ್ನು ನ್ಯೂಟ್ರಲ್‌ಗೆ ಹಾಕಿ ನಾಲ್ಕು ಮಂದಿ ಲಾರಿ ಚಾಲಕರ ನೆರವಿನಿಂದ ಹೊಂಗೆಯ ಮರದ ಬುಡಕ್ಕೆ ತಳ್ಳಿದೆವು. ಆ ಹುಡುಗನೂ ನನ್ನ ಪಕ್ಕದಲ್ಲಿಯೇ ಹೆಗಲು ಕೊಟ್ಟ. ಮರದ ಬುಡಕ್ಕೂ ಮಾಲೀಕರ ಕೋಣೆಗೂ ಐವತ್ತು ಹೆಜ್ಜೆ ಇದ್ದೀತು. ಅಷ್ಟು ದೂರವನ್ನು ಹೋಗಿ ಬರಲು ನನಗೆ ಅರ್ಧ ಗಂಟೆ ಹಿಡಿಯಿತು. ಮೂರು ಸಲ ಎದ್ದು ಮೂರು ಸಲ ಕುಳಿತೆ. ಕಡೆಗೆ ಹೋಗಿ, “ಹುಡುಗ ಹೇಳಿದ್ದೇ ನಿಜ. ಪೆಟ್ರೋಲ್ ಎಂದವನು ನಾನು. ಖರ್ಚು ನನ್ನದು, ಅವನ ಸಂಬಳವನ್ನು ಮುಟ್ಟಬೇಡಿ” ಎಂದೆ. ಮಾಲೀಕರು ಲೆಕ್ಕದ ಪುಸ್ತಕದಿಂದ ತಲೆಯೆತ್ತಿ ನನ್ನನ್ನು ಒಂದು ಕ್ಷಣ ನೋಡಿ, “ಆಗಲಿ ಬಿಡಿ” ಎಂದರು. ಮೇಷ್ಟ್ರೆ ಎನ್ನಲಿಲ್ಲ.

ಮೆಕ್ಯಾನಿಕ್ ಬಂದದ್ದು ರಾತ್ರಿ ಎಂಟಕ್ಕೆ. “ಚಾವಿ ತಿರುಗಿಸಿದಿರಾ?” ಎಂಬುದೇ ಅವನ ಮೊದಲ ಪ್ರಶ್ನೆ. ಇಲ್ಲವೆಂದಾಗ, “ಬದುಕಿದಿರಿ” ಎಂದ. ಅವನು ಬಿಡಿಸಿ ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸಿ ಹೊತ್ತಿಸುತ್ತಾರೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಗಾಳಿಯನ್ನು ಒತ್ತಿ ಒತ್ತಿ, ಅದು ಕೆಂಡದಂತೆ ಕಾದಾಗ ಎಣ್ಣೆಯನ್ನು ಚಿಮ್ಮಿಸುತ್ತಾರೆ, ತಾನಾಗಿಯೇ ಹತ್ತಿಕೊಳ್ಳುತ್ತದೆ. ಹೀಗೆ ಚಿಮ್ಮಿಸುವ ಪಂಪು ಬಲು ಸೂಕ್ಷ್ಮ. ಡೀಸೆಲ್ಲಿನ ಜಿಡ್ಡೇ ಅದಕ್ಕೆ ಕೀಲೆಣ್ಣೆ. ಪೆಟ್ರೋಲು ಆ ಜಿಡ್ಡನ್ನು ತೊಳೆದುಬಿಡುತ್ತದೆ; ಲೋಹಕ್ಕೆ ಲೋಹ ಉಜ್ಜಿ ಪುಡಿಯೇಳುತ್ತದೆ; ಪುಡಿ ಇಂಜೆಕ್ಟರುಗಳನ್ನು ಹೊಕ್ಕರೆ ರಿಪೇರಿ ಲಕ್ಷದ ಮಾತು. ಡೀಸೆಲ್ ಕೊಳವೆಯ ಮೂತಿ ಸಾಮಾನ್ಯವಾಗಿ ದಪ್ಪ, ಪೆಟ್ರೋಲ್ ಗಾಡಿಯ ಬಾಯಿಗೆ ಸುಲಭವಾಗಿ ಹಿಡಿಸದು. ಪೆಟ್ರೋಲಿನ ಮೂತಿ ಸಣ್ಣದು. ಡೀಸೆಲ್ ಗಾಡಿಯೊಳಕ್ಕೆ ಸಲೀಸಾಗಿ ಇಳಿಯುತ್ತದೆ. ಹೆಚ್ಚು ಕೇಡು ಮಾಡುವ ತಪ್ಪಿಗೇ ಹೆಚ್ಚು ಅನುಕೂಲ! ಡೀಸೆಲ್ ಮುಚ್ಚಳದ ಪಕ್ಕದಲ್ಲಿ ಇನ್ನೊಂದು ನೀಲಿ ಮುಚ್ಚಳವಿತ್ತು. ಹೊಗೆಯ ವಿಷವನ್ನು ಕಳೆಯಲು ಅದರೊಳಕ್ಕೆ ಯೂರಿಯಾ ಬೆರೆತ ನೀರನ್ನು ಹಾಕುತ್ತಾರಂತೆ. ರಾಗಿಯ ಹೊಲಕ್ಕೆ ಹಾಕುವುದನ್ನು ವ್ಯಾನು ಕುಡಿಯುತ್ತದೆಂದು ನಾನು ಕನಸಿನಲ್ಲಿಯೂ ನೆನೆದವನಲ್ಲ.

ಟ್ಯಾಂಕನ್ನು ಪೂರ್ತಿ ಬರಿದುಮಾಡಿ, ಫಿಲ್ಟರನ್ನು ಬದಲಿಸುವ ಕೆಲಸ ಬೆಳಗಾಗದೆ ಮುಗಿಯುವಂತಿರಲಿಲ್ಲ. ಬೆರಕೆಯಾದ ಎಣ್ಣೆಯನ್ನು ಡಬ್ಬಗಳಿಗೆ ಇಳಿಸಿಟ್ಟ. “ಇದನ್ನೇನು ಮಾಡುತ್ತೀಯಪ್ಪ?” ಎಂದೆ. “ಸಾಮಾನು ತೊಳೆಯಕ್ಕೆ ಆಯ್ತದೆ ಸಾರ್” ಎಂದ. ನನ್ನ ಎರಡು ಸಾವಿರ ಹೀಗೆ ಸದ್ವಿನಿಯೋಗವಾಯಿತು.

ಆ ರಾತ್ರಿ ನಮ್ಮ ಸಾರ್ಥ ಲಾರಿಗಳ ನಡುವೆ ಬೀಡುಬಿಟ್ಟಿತು. ವ್ಯಾನಿನಲ್ಲಿ ಒಲೆಯುಂಟು, ಆದರೆ ಬಂಕಿನ ಆವರಣದಲ್ಲಿ, ಅದೂ ಪೆಟ್ರೋಲ್ ವಾಸನೆಯಾಡುವ ಗಾಡಿಯಲ್ಲಿ, ಬೆಂಕಿಕಡ್ಡಿ ಗೀರುವವರಾರು? ಮೆಕ್ಯಾನಿಕ್ಕಿನ ಸಹಾಯಕ ಸೈಕಲ್ಲಿನಲ್ಲಿ ಹೋಗಿ ಮುಳಬಾಗಿಲು ದೋಸೆ ಕಟ್ಟಿಸಿಕೊಂಡು ಬಂದ. ದಪ್ಪನಾದ, ತುಪ್ಪದಲ್ಲಿ ಕೆಂಪಗೆ ಬೆಂದ ಆ ದೋಸೆ ಆರಿದ್ದರೂ ಅಮೃತವಾಗಿತ್ತು. ಭಾವನವರು ಡೀಸೆಲ್ ಎಂಬುದು ಒಬ್ಬ ಮನುಷ್ಯನ ಹೆಸರೆಂದು ಆಗ ಹೇಳಿದರು. ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು ಜರ್ಮನಿಯಲ್ಲಿ 1897ರಲ್ಲಿ ಸಿದ್ಧಿಗೆ ತಂದನಂತೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅಂಥದೊಂದು ಎಂಜಿನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿತಂತೆ. 1913ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾಗಿ, ಹೆಣವಾಗಿ ಸಮುದ್ರದಲ್ಲಿ ಸಿಕ್ಕಿದನಂತೆ. “ಪಾಪ!” ಎಂದಳು ನನ್ನ ಮಡದಿ. ಸ್ವಲ್ಪ ಹೊತ್ತು ಬಿಟ್ಟು, ದೀಪ ಆರಿಸಿದ ಮೇಲೆ, “ನೀವು ಆ ಕೋಣೆಗೆ ಹೋಗಿಬಂದದ್ದು ಒಳ್ಳೆಯದಾಯಿತು” ಎಂದಳು. ಪೆಟ್ರೋಲ್ ಎಂದದ್ದನ್ನು ಅವಳು ಹಿಂದಿನ ಆಸನದಿಂದ ಕೇಳಿಸಿಕೊಂಡಿದ್ದಳು. ನಾನು ಹೇಳುವೆನೋ ಇಲ್ಲವೋ ಎಂದು ಕಾದಿದ್ದಳಂತೆ.

ಬೆಳಗ್ಗೆ ಮೂರು ಸಾವಿರದ ಐನೂರು ತೆತ್ತು, ವ್ಯಾನನ್ನು ಮತ್ತೆ ಪಂಪಿನ ಮುಂದಕ್ಕೆ ತಳ್ಳಿ ನಿಲ್ಲಿಸಿದೆವು. ಕುರುಡುಮಲೆಯ ಗಣಪನನ್ನೂ ಆವನಿಯ ರಾಮಲಿಂಗೇಶ್ವರನನ್ನೂ ನೋಡುವುದು ಇನ್ನೂ ಬಾಕಿಯಿತ್ತು. ಅದೇ ಹುಡುಗ ಕೊಳವೆ ಹಿಡಿದು ಬಂದ. ಹಿಂದಿನ ದಿನದ ಬೈಗುಳದ ಗುರುತೂ ಅವನ ಮುಖದಲ್ಲಿರಲಿಲ್ಲ. ನಾನು ಕಿಟಕಿಯಿಂದ ತಲೆ ಹೊರಹಾಕಿ, “ಡೀಸೆಲ್” ಎಂದೆ.

“ಇನ್ನೊಂದ್ ಸಾರಿ ಹೇಳಿ ಸಾರ್” ಎಂದ ಹುಡುಗ. ಹೇಳಿದೆ. ಅವನು ಭಾವನವರ ಕಡೆ ತಿರುಗಿ, “ನೀವೂ ಹೇಳಿ ಸಾರ್” ಎಂದ.